157 ಕ್ವಿಂಟಲ್ ಸುಳ್ಳು ಭತ್ತ

ಗಂಗಾವತಿಯ ಒಂದು ದಲಾಲಿ ಅಂಗಡಿಗೆ ಭತ್ತದ ತೂಕ ಬರೆದಿಡುವ ವೆಬ್ ಆಪ್ ಮಾಡಿಕೊಟ್ಟಿದ್ದೆ. ಸುಗ್ಗಿ ಜೋರಾಗಿದ್ದಾಗ ಗುಮಾಸ್ತರ ಫೋನ್ ಬಂತು. "ನಿಮ್ಮ ಆಪ್ ಒಂದೇ ಲಾರಿಗೆ ಎರಡು ಚೀಟಿ ಮಾಡೈತ್ರಿ."

ಹೋಗಿ ಅವರ ಪಕ್ಕದಲ್ಲೇ ಕೂತೆ. ಮುಂದಿನ ಲಾರಿಯ ತೂಕ ಬರೆದು 'ಉಳಿಸು' ಒತ್ತಿದರು. ಪರದೆ ಮಿಸುಕಲಿಲ್ಲ. ಒಮ್ಮೆ ನನ್ನ ಮುಖ ನೋಡಿದರು. ಮತ್ತೆ ಒತ್ತಿದರು. 75 ಕೆಜಿಯ 210 ಚೀಲ, ಎರಡೆರಡು ಸಲ. ಲೆಕ್ಕದಲ್ಲಿ 157.5 ಕ್ವಿಂಟಲ್ ಸೋನಾ ಮಸೂರಿ ಸುಮ್ನೆ ಹುಟ್ಟಿಕೊಂಡಿತು!

ಅದಕ್ಕೂ ಮುಂಚೆ ಎರಡು ವಾರ ಡೇಟಾಬೇಸ್ ಜೊತೆ ಗುದ್ದಾಡಿದ್ದೆ. ಒಂದು ತೂಕ ಉಳಿಸೋಕೆ 3 ಸೆಕೆಂಡ್ ಹಿಡಿಯುತ್ತಿದ್ದದ್ದು 2ಕ್ಕೆ ಇಳಿದಿತ್ತು. ಒಬ್ಬರಿಗೂ ಗೊತ್ತಾಗಲಿಲ್ಲ.

ಜನ ಕಂಪ್ಯೂಟರನ್ನು ಹೇಗೆ ಬಳಸುತ್ತಾರೆ ಅನ್ನುವುದರ ತಜ್ಞ ಜೇಕಬ್ ನೀಲ್ಸನ್ 1993ರಲ್ಲೇ ಬರೆದಿದ್ದಾರೆ: 0.1 ಸೆಕೆಂಡಿನೊಳಗೆ ಉತ್ತರ ಬಂದರೆ ಒತ್ತಿದ ಕೂಡಲೇ ಆಯಿತು ಅನಿಸುತ್ತದೆ, 1 ಸೆಕೆಂಡ್ ತನಕ ಯೋಚನೆಯ ಎಳೆ ಕಡಿಯುವುದಿಲ್ಲ, 10 ದಾಟಿದರೆ ಗಮನ ಬೇರೆ ಕಡೆ ಹೋಗುತ್ತದೆ. ನಾನು ಆ 1ರ ಹಿಂದೆ ಬಿದ್ದಿದ್ದೆ. 0.1 ನನ್ನ ಕೈಯಲ್ಲೇ ಇತ್ತು. ಬಟನ್ ಬಣ್ಣ ಬದಲಿಸೋಕೆ ಸರ್ವರ್ ಯಾಕೆ ಬೇಕು, ಅಲ್ವಾ?

ಈಗ ಒತ್ತಿದ ತಕ್ಷಣ ಬಟನ್ ಮಸುಕಾಗಿ 'ಉಳಿಸ್ತಾ ಇದೆ' ಅನ್ನುತ್ತದೆ. ಕೆಳಗಿನ ಪಟ್ಟಿಯಲ್ಲಿ ಆ ಲಾರಿಯ ಸಾಲು ಬೂದು ಬಣ್ಣದಲ್ಲಿ ಕಾಣುತ್ತದೆ. ಸರ್ವರ್ ಒಪ್ಪಿದ ಮೇಲೆ ಸಾಲು ಕಪ್ಪಾಗಿ ಚೀಟಿ ನಂಬರ್ ಬರುತ್ತದೆ. ಪ್ರಿಂಟ್ ಬಟನ್ ಆಮೇಲೇ. 'ಲೈಕ್' ಬಟನ್ ಆಗಿದ್ದರೆ ಉತ್ತರಕ್ಕೆ ಕಾಯದೆ 'ಆಯಿತು' ಅಂದುಬಿಡಬಹುದು. ರೈತನ ದುಡ್ಡಿನ ವಿಷಯದಲ್ಲಿ ಹಾಗೆ ಮಾಡಬಾರದು. ಜೊತೆಗೆ ಪ್ರತಿ ತೂಕಕ್ಕೂ ಬ್ರೌಸರ್‌ನಲ್ಲೇ ಒಂದು ಗುರುತು ಹುಟ್ಟುತ್ತದೆ. ಅದೇ ಗುರುತು ಎರಡನೇ ಸಲ ಬಂದರೆ ಸರ್ವರ್ ಹೊಸ ಚೀಟಿ ಮಾಡುವುದಿಲ್ಲ. ಇದು ಮೊದಲ ದಿನವೇ ಇರಬೇಕಿತ್ತು. ತಪ್ಪು ನನ್ನದೇ.

ಬಸ್ ಸ್ಟ್ಯಾಂಡ್ ಹತ್ತಿರ ಒಗ್ಗರಣೆ-ಮಿರ್ಚಿ ಮಾರುವವರಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಿಲ್ಲ. ಮಿರ್ಚಿ ಇನ್ನೂ ಎಣ್ಣೆಯಲ್ಲಿರುವಾಗಲೇ ಒಗ್ಗರಣೆ ಪ್ಲೇಟ್ ನಮ್ಮ ಮುಂದಿರುತ್ತದೆ.

ನಾನೂ ಹಾಗೇ ಮಾಡಲು ಹೋಗಿ ಒಮ್ಮೆ ಎಡವಿದೆ. ರೈತರ ಪಟ್ಟಿ ಬರುವ ತನಕ ಹೆಸರುಗಳ ಜಾಗದಲ್ಲಿ 'ಸ್ಕೆಲೆಟನ್' ಅನ್ನುವ ಖಾಲಿ ಬೂದು ಗೆರೆಗಳನ್ನು ತೋರಿಸಿದ್ದೆ. ಆದರೆ ಅವು ನಿಜವಾದ ಸಾಲಿಗಿಂತ ಗಿಡ್ಡ. ಹೆಸರುಗಳು ಬಂದಾಗ ಪಟ್ಟಿ ಕೆಳಕ್ಕೆ ಜಾರಿ, ಗುಮಾಸ್ತರ ಹೆಬ್ಬೆರಳು ಬೇರೆ ರೈತನ ಮೇಲೆ ಬಿತ್ತು. ಎತ್ತರ ಒಂದೇ ಮಾಡಿದ ಮೇಲೆ ಆ ಕಾಟ ತಪ್ಪಿತು. ಗಿರಗಿರ ತಿರುಗುವ ಚಕ್ರವನ್ನೂ ಬಹಳ ಕಡೆ ಕಿತ್ತೆ. ಚಿಟಿಕೆಯಲ್ಲಿ ಮುಗಿಯುವ ಕೆಲಸಕ್ಕೂ ಅದು ಮಿನುಗಿ, 'ನಿಧಾನ' ಅಂತ ತಾನೇ ಸಾರುತ್ತಿತ್ತು. ಈಗ 300 ಮಿಲಿಸೆಕೆಂಡ್ ದಾಟಿದರೆ ಮಾತ್ರ ಬರುತ್ತದೆ.

ಹೋದ ವಾರ ಮತ್ತೆ ಅಂಗಡಿಗೆ ಹೋಗಿದ್ದೆ. ಸರ್ವರ್ ಈಗಲೂ ಅದೇ 2 ಸೆಕೆಂಡ್ ತಗೊಳ್ಳುತ್ತದೆ. ಗುಮಾಸ್ತರು ಚಹಾ ತರಿಸಿದರು.

"ಈಗ ಜಲ್ದಿ ಆಗೈತ್ರಿ," ಅಂದರು. ಆಮೇಲೆ ಮೂಲೆಯಲ್ಲಿ ಕಿರ್ರ್ ಅಂತ ಚೀಟಿ ಉಗುಳುತ್ತಿದ್ದ ಹಳೇ ಪ್ರಿಂಟರ್ ಕಡೆ ಕೈ ತೋರಿಸಿದರು. "ಇದಕ್ಕೇನ್ ಮಾಡ್ತೀರಿ ಹೇಳ್ರಿ."