6.4 ಎಂಬ ಅಂಕಿ ಮತ್ತು ಎರಡು ವಾಕ್ಯಗಳು

ಕಳೆದ ಭಾನುವಾರ ಕೋಥರೂಡ್‌ನ ನಮ್ಮ ಮನೆಗೆ, ಪುಣೆಯಲ್ಲೇ ನೆಲೆಸಿರುವ ಧಾರವಾಡದ ಕುಟುಂಬವೊಂದರ ಹುಡುಗಿ ಎಂಟು ಸೆಮಿಸ್ಟರ್‌ಗಳ ಅಂಕಪಟ್ಟಿಗಳನ್ನು ಫೈಲಿನಲ್ಲಿಟ್ಟುಕೊಂಡು ಬಂದಿದ್ದಳು. "ಅಕ್ಕಾ, 6.2ಕ್ಕ ಜರ್ಮನಿಯೊಳಗ ಎಲ್ಲಿಯಾದ್ರೂ ಸೀಟು ಸಿಗತೈತೇನು?" ಎಂದು ಕೇಳುವಾಗ ಅವಳ ಹೆಬ್ಬೆರಳು ಮೂರನೆಯ ಸೆಮಿಸ್ಟರಿನ ಎಂ-3ರ ಸಾಲನ್ನು ಮುಚ್ಚಿಕೊಂಡಿತ್ತು. ಪುಣೆಯಲ್ಲಿ ಇಂಜಿನಿಯರಿಂಗ್ ಓದಿದವರಿಗೆ ಆ ಗಣಿತದ ಪತ್ರಿಕೆಯ ಬಗ್ಗೆ ವಿವರಿಸಬೇಕಾಗಿಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದ ವರ್ಷ ನಾನೂ ಅದರಲ್ಲೇ ಎರಡು ಸಲ ಅನುತ್ತೀರ್ಣಳಾಗಿ, ಕೊನೆಗೆ ಹತ್ತಕ್ಕೆ 6.4 ಸರಾಸರಿ ಅಂಕದೊಂದಿಗೆ ಪದವಿ ಮುಗಿಸಿದ್ದೆ.

ನಾನು ಮೊದಲು ಅವಳ ಕೈಗೆ ಪೆನ್ನು ಕೊಟ್ಟು ಲೆಕ್ಕ ಹಾಕಿಸಿದೆ. ಜರ್ಮನಿಯಲ್ಲಿ ಹೊರದೇಶದ ಅಂಕಗಳನ್ನು ಸಾಮಾನ್ಯವಾಗಿ ಬವೇರಿಯನ್ ಸೂತ್ರದಿಂದ ಪರಿವರ್ತಿಸುತ್ತಾರೆ: ಗರಿಷ್ಠ ಅಂಕದಿಂದ ನಮ್ಮ ಅಂಕವನ್ನು ಕಳೆದು, ಗರಿಷ್ಠಕ್ಕೂ ಪಾಸಿಗೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸಬೇಕು. ಅಲ್ಲಿ 1 ಅತ್ಯುತ್ತಮ, 4 ಬರಿಯ ಪಾಸು. ನಮ್ಮಲ್ಲಿ ಗರಿಷ್ಠ 10, ಪಾಸು 4 ಆಗಿರುವುದರಿಂದ ಅವಳ 6.2 ಅಲ್ಲಿ 2.9 ಆಗುತ್ತದೆ, ನನ್ನದು 2.8 ಆಗಿತ್ತು. 2.5 ಎಂಬ ಮಿತಿ ಇಟ್ಟಿರುವ ಕೋರ್ಸ್‌ಗಳಿಗೆ ನಮ್ಮ 7 ಬೇಕು. ಅಂಥವುಗಳಿಗೆ ಅರ್ಜಿ ಹಾಕಿ ಶುಲ್ಕ ಕಳೆದುಕೊಳ್ಳುವುದು ವ್ಯರ್ಥ. ಆದರೆ ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದಂಥ ಕಡೆ ಹಲವು ಕೋರ್ಸ್‌ಗಳಿಗೆ ಅರ್ಹತಾ ಪರಿಶೀಲನೆ ನಡೆಯುತ್ತದೆ. ಅಲ್ಲಿ ಅಂಕದ ಜೊತೆಗೆ ಪದವಿಯಲ್ಲಿ ಓದಿದ ವಿಷಯಗಳು ಎಷ್ಟು ಹೊಂದುತ್ತವೆ, ಈ ಕೋರ್ಸ್ ಏಕೆ ಬೇಕೆಂದು ನಾವು ಬರೆಯುವ ಪ್ರೇರಣಾ ಪತ್ರದಲ್ಲಿ ಏನಿದೆ ಎಂಬುದನ್ನೂ ತೂಗುತ್ತಾರೆ. ಕಡಿಮೆ ಅಂಕದವರು ಇಂಥ ಕೋರ್ಸ್‌ಗಳನ್ನು ಹುಡುಕುವುದಕ್ಕೇ ಒಂದು ತಿಂಗಳು ಮೀಸಲಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ನಾನು ಅರ್ಜಿ ಹಾಕುವಾಗ ಸಲಹಾ ಕೇಂದ್ರವೊಂದರವರು, ಅನುತ್ತೀರ್ಣಳಾದ ವಿಚಾರವನ್ನು ಎತ್ತಲೇಬಾರದೆಂದು ಹೇಳಿ, ದುಬಾರಿ ಖಾಸಗಿ ಕಾಲೇಜುಗಳ ಪಟ್ಟಿಯನ್ನು ಮುಂದಿಟ್ಟಿದ್ದರು. ಆ ಮಾತು ಕೇಳಿ ಒಂದು ವರ್ಷ ಕಳೆದುಕೊಂಡ ನೋವು ನನಗೆ ಇಂದಿಗೂ ಇದೆ. ಅಂಕಪಟ್ಟಿ ಹೇಗೂ ವಿಶ್ವವಿದ್ಯಾಲಯದವರ ಕೈಸೇರುತ್ತದೆ. 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳ ವೀಸಾಕ್ಕೆ, ಅಂಕಪಟ್ಟಿ-ಪದವಿಗಳು ಅಸಲಿಯೆಂದು ದೃಢಪಡಿಸುವ ಎಪಿಎಸ್ ಪ್ರಮಾಣಪತ್ರವೂ ಕಡ್ಡಾಯವಾಗಿರುವುದರಿಂದ, ದಾಖಲೆಗಳ ಪರಿಶೀಲನೆ ಇನ್ನೂ ಮೊದಲೇ ನಡೆಯುತ್ತದೆ. ಮರುವರ್ಷ ನಾನು ಪ್ರೇರಣಾ ಪತ್ರದಲ್ಲಿ ಆ ವಿಚಾರವನ್ನು ಎರಡೇ ವಾಕ್ಯಗಳಲ್ಲಿ ಬರೆದೆ: ಅಪ್ಪನ ಅನಾರೋಗ್ಯದ ವರ್ಷ ಗಣಿತದಲ್ಲಿ ಹಿಂದುಳಿದೆ, ಬಳಿಕ ಐಐಟಿಗಳ ಆನ್‌ಲೈನ್ ಕಲಿಕಾ ಯೋಜನೆಯಾದ ಎನ್‌ಪಿಟಿಇಎಲ್‌ನ ಹನ್ನೆರಡು ವಾರಗಳ ರೇಖೀಯ ಬೀಜಗಣಿತದ ಕೋರ್ಸ್ ಮಾಡಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆದು ಉತ್ತೀರ್ಣಳಾದೆ. ಉಳಿದ ಪುಟವನ್ನೆಲ್ಲ ಅಂತಿಮ ವರ್ಷದ ಪ್ರಾಜೆಕ್ಟಿಗೂ ಚಾಕಣದ ಕಾರ್ಖಾನೆಯಲ್ಲಿ ಎರಡು ವರ್ಷ ಮಾಡಿದ ಕೆಲಸಕ್ಕೂ ಬಿಟ್ಟುಕೊಟ್ಟೆ. ಏಳು ಅರ್ಜಿಗಳಲ್ಲಿ ಎರಡು ಕಡೆ ಪ್ರವೇಶ ಸಿಕ್ಕಿತು.

ಶಿಫಾರಸು ಪತ್ರವನ್ನು ವಿಭಾಗದ ಮುಖ್ಯಸ್ಥರಿಂದಲೇ ತರಬೇಕೇ ಎಂದು ಅವಳು ಕೇಳಿದಳು. ತನ್ನ ಪ್ರಾಜೆಕ್ಟಿನ ತಪ್ಪುಗಳನ್ನು ಕೂತು ತಿದ್ದಿದ ಅಧ್ಯಾಪಕರು ಯಾರೋ ಅವರನ್ನೇ ಕೇಳುವಂತೆ ಹೇಳಿದಾಗ, ಫೈಲಿನ ತಳದಿಂದ ಕೆಂಪು ಶಾಯಿ ತುಂಬಿದ್ದ ಒಂದು ಕರಡನ್ನು ಹೊರತೆಗೆದಳು. ಅಮ್ಮ ಊಟಕ್ಕೆ ಕರೆಯುವ ಹೊತ್ತಿಗೆ ಅವಳು ತನ್ನ ಎರಡು ವಾಕ್ಯಗಳನ್ನು ಮೂರನೆಯ ಸಲ ಬರೆಯುತ್ತಿದ್ದಳು.