ಲಾಟೀನು ಹಿಡಿದ ಹದಿನೈದು ದಿನ

ಟೀಚರ್ ಹೋಗ್ಬಿಟ್ರು ಅಂತ ಆಷಾಢದಲ್ಲಿ ಊರಿಂದ ಫೋನ್ ಬಂದಾಗ ನಾನು ಬೆಂಗಳೂರಲ್ಲಿ ಮೀಟಿಂಗಲ್ಲಿದ್ದೆ, ಅಲ್ಲೇ ಎದ್ದು ಹೊರಗೆ ಬಂದೆ. ಮೂಡಿಗೆರೆ ಕಡೆ ನಮ್ಮ ಶಾಲೆಗೆ ಎಷ್ಟೋ ಮೇಷ್ಟ್ರುಗಳು ಬಂದ್ರು ಹೋದ್ರು, ಆದ್ರೆ ಬರೀ 'ಟೀಚರ್' ಅಂದ್ರೆ ಇಡೀ ಊರಿಗೆ ಅವರೊಬ್ರೇ. ಕೊಟ್ಟಾಯಂ ಕಡೆಯವರು, ಯಜಮಾನರು ಎಸ್ಟೇಟಲ್ಲಿ ರೈಟರು, ಅಂದ್ರೆ ಲೆಕ್ಕಪತ್ರ ಬರೆಯೋ ಗುಮಾಸ್ತರು. ಬಂದ ಹೊಸದ್ರಲ್ಲಿ ಕನ್ನಡ ಒಂದಕ್ಷರ ಬರ್ತಿರ್ಲಿಲ್ವಂತೆ, ಪಕ್ಕದ ಮನೆ ಒಂದನೇ ಕ್ಲಾಸಿನ ಹುಡುಗಿ ಜೊತೆ ಕೂತು ಸ್ಲೇಟಲ್ಲಿ ಅ ಆ ತಿದ್ದಿ, ಆಮೇಲೆ ಟೀಚರ್ ಆದ್ರು.

1983-84ರಲ್ಲಿ ನಾವು ಏಳನೇ ಕ್ಲಾಸು, ಅವರು ನಮಗೆ ಗಣಿತಕ್ಕೆ. ಹೇಳಿಕೊಟ್ಟ ಒಂದು ಲೆಕ್ಕಾನೂ ಈಗ ನೆನಪಿಲ್ಲ, 'ಎಂದಾ ಮೋನೇ', ಅಂದ್ರೆ ಮಲಯಾಳದಲ್ಲಿ 'ಏನೋ ಮಗನೇ', ಅಂತ ಕರೀತಿದ್ದ ದನಿ ಮಾತ್ರ ಇನ್ನೂ ಕಿವೀಲಿದೆ.

ಶಾಲೆ ಗಂಟೆ ಅಂದ್ರೆ ಜಗಲೀಲಿ ನೇತಾಕಿದ್ದ ರೈಲು ಹಳಿ ತುಂಡು. ಟೆಸ್ಟ್ ಇದ್ದ ದಿನ ಬೆಳಿಗ್ಗೆ ಅದನ್ನ ಹೊಡಿಯೋ ಕಬ್ಬಿಣದ ರಾಡನ್ನ ನಾನು ತಗೊಂಡು ಹೋಗಿ ಹಳ್ಳಕ್ಕೆ ಎಸೆದೆ. ಗಂಟೆ ಹೊಡೀದಿದ್ರೆ ಟೆಸ್ಟೇ ಇರಲ್ಲ ಅಂತ ಲೆಕ್ಕ. ಟೀಚರ್ ತಮ್ಮ ಬುತ್ತಿ ಡಬ್ಬಿ ಮುಚ್ಚಳಕ್ಕೆ ಸೌಟಲ್ಲಿ ಬಡಿದು ಟೆಸ್ಟ್ ಮಾಡೇಬಿಟ್ರು. ಸಂಜೆ ನನ್ನ ಕರೆದು, ಬೈಲಿಲ್ಲ ಹೊಡೀಲಿಲ್ಲ, ಕೈಗೆ ಲಾಟೀನು ಕೊಟ್ಟು 'ಹದಿನೈದು ದಿನ ನನ್ನ ಜೊತೆ ಲೈನಿಗೆ ಬಾ' ಅಂದ್ರು.

ಲೈನ್ ಮನೆ ಅಂದ್ರೆ ತೋಟದ ಕೂಲಿಯವರ ಸಾಲು ಮನೆಗಳು, ನಾವು ಊರಿನ ಹುಡುಗ್ರು ಆ ಕಡೆ ತಲೆ ಹಾಕಿದ್ದೇ ಇಲ್ಲ. ಅಲ್ಲಿ ಟೀಚರ್ ರಾತ್ರಿ ಶಾಲೆ ನಡೆಸ್ತಿದ್ರು. ಕಾಫಿ ಕುಯ್ಲಿನ ಕಾಲ, ಹಣ್ಣಿನ ಅಂಟಿಗೆ ಬೆರಳೆಲ್ಲಾ ಕಪ್ಪಾಗಿದ್ದ ಒಬ್ಬ ತಮಿಳು ಹೆಂಗಸು, ನಾವು ಅಕ್ಕ ಅಂತಿದ್ವಿ, ಬಳಪ ಗಟ್ಟಿಯಾಗಿ ಒತ್ತಿ ಒತ್ತಿ ಪುಡಿ ಮಾಡೋರು. 'ಬೆಳಕು ಹತ್ರ ಹಿಡಿ ಮೋನೇ' ಅಂತ ಟೀಚರ್. ಹನ್ನೆರಡನೇ ದಿನ ಆ ಅಕ್ಕ ತಮ್ಮ ಹೆಸರಿನ ನಾಲ್ಕಕ್ಷರ ಬರೆದ್ರು, ಮುಂದಿನ ವಾರ ಕೂಲಿ ಪಟ್ಟೀಲಿ ಹೆಬ್ಬೆಟ್ಟು ಒತ್ತೋಕೆ ಒಪ್ಪಲೇ ಇಲ್ವಂತೆ.

1951ರ ಪ್ಲಾಂಟೇಶನ್ ಲೇಬರ್ ಆಕ್ಟ್ ಟೀಚರ್‌ಗೆ ಬಾಯಿಪಾಠ, ತೋಟದ ಕೂಲಿಯವರ ಆರರಿಂದ ಹನ್ನೆರಡು ವರ್ಷದ ಮಕ್ಕಳು 25ಕ್ಕಿಂತ ಜಾಸ್ತಿ ಇದ್ರೆ ಓದಿಗೆ ಮಾಲೀಕರೇ ವ್ಯವಸ್ಥೆ ಮಾಡೋ ಹಾಗೆ ಸರ್ಕಾರ ರೂಲ್ಸ್ ಮಾಡಬಹುದು ಅಂತ ಅದರಲ್ಲಿತ್ತು, ಅದನ್ನ ಹಿಡ್ಕೊಂಡು ಆಫೀಸಿಂದ ಆಫೀಸಿಗೆ ಅಲೆದ್ರು. 1989ರಲ್ಲಿ ವೋಟಿನ ವಯಸ್ಸು 21ರಿಂದ 18ಕ್ಕೆ ಇಳಿದಾಗ ನನಗೂ ಸೇರಿ ಲೈನಿನ ಹುಡುಗ್ರಿಗೆಲ್ಲಾ ವೋಟರ್ ಲಿಸ್ಟಿಗೆ ಹೆಸರು ಸೇರಿಸೋ ಫಾರಂ ಆರು ತುಂಬಿಸಿದ್ದು ಅವರೇ.

1993ರಲ್ಲಿ ರಿಟೈರ್ ಆದ್ರು, ಅದೇ ವರ್ಷ ಹೊಸ ಪಂಚಾಯತ್ ರಾಜ್ ಕಾನೂನು ಬಂತು, ವರ್ಷದ ಕೊನೆಗೆ ಗ್ರಾಮ ಪಂಚಾಯ್ತಿ ಎಲೆಕ್ಷನ್ನು. ಹೆಂಗಸ್ರಿಗೆ ಮೂರನೇ ಒಂದು ಭಾಗ ಮೀಸಲಿದ್ರೂ ಇವರು ನಿಂತಿದ್ದು ಜನರಲ್ ಸೀಟಿಗೆ. ಕೇರಳದೋರಿಗೆ ಇಲ್ಲಿ ಪಂಚಾಯ್ತಿ ಯಾಕೆ ಅಂತ ಅಂಗಡಿ ಕಟ್ಟೇಲಿ ಮಾತು ಬಂತು. 'ವೋಟರ್ ಲಿಸ್ಟಲ್ಲಿ ನನ್ನ ಹೆಸರಿದೆ, ನನ್ನ ಯಜಮಾನ್ರನ್ನ ಮಣ್ಣು ಮಾಡಿದ್ದೂ ಇದೇ ಊರಲ್ಲಿ' ಅಂದ್ರು, ಅಷ್ಟೇ. ನಾನಾಗ ಹಾಸನದಲ್ಲಿ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜಲ್ಲಿದ್ದೆ, ವೋಟು ಹಾಕೋಕೇ ಅಂತ ಬಸ್ ಹತ್ತಿ ಬಂದೆ, ಹಿಂದಿನ ರಾತ್ರಿ ಲೈನಲ್ಲಿ ಮನೆ ಮನೆಗೂ ಹೋದೆ, ಗೆದ್ದದ್ದರಲ್ಲಿ ನನ್ನದೂ ಪಾಲಿದೆ ಅಂತ ಹೆಮ್ಮೆಯಿಂದ ಹೇಳ್ತೀನಿ.

ಗ್ರಾಮಸಭೇಲೂ ಟೀಚರ್ ಹಾಜರಿ ಕೂಗೋರು! ಲೈನಿಗೆ ನೀರಿನ ನಲ್ಲಿ ಕೇಳಿದ್ರೆ ಅದು ಎಸ್ಟೇಟ್ ಜಾಗ ಅಂತ ಎರಡು ಸಲ ವಾಪಸ್ ಬಂತು. ಮಳೆಗಾಲದಲ್ಲಿ ಮಕ್ಕಳು ಅಡಿಕೆ ಮರದ ದಬ್ಬೆ ಮೇಲೆ ಹಳ್ಳ ದಾಟ್ತಿದ್ರಲ್ಲ, ಅಲ್ಲಿ ಕಾಂಕ್ರೀಟ್ ಕಾಲುಸಂಕ ಮಾತ್ರ ಮಾಡಿಸಿಯೇ ಬಿಟ್ರು. ಈಗ ಮಕ್ಕಳೆಲ್ಲಾ ಹಳದಿ ವ್ಯಾನಲ್ಲಿ ಕಾನ್ವೆಂಟಿಗೆ ಹೋಗ್ತಾರೆ, ಹೋಂವರ್ಕ್ ವಾಟ್ಸಾಪಲ್ಲಿ ಬರುತ್ತೆ, ಮಗುವಿನ ಮನೆ ಎಲ್ಲಿದೆ ಅಂತ ಅಲ್ಲಿನ ಯಾವ ಟೀಚರ್‌ಗೂ ಗೊತ್ತಿಲ್ಲ, ಇದು ನನಗೆ ನಿಜಕ್ಕೂ ಬೇಜಾರು.

ಶಾಲೇಲಿ ಶ್ರದ್ಧಾಂಜಲಿ ಸಭೆ ದಿನ ಕರೆಂಟ್ ಹೋಗಿತ್ತು. ಬಾಗಿಲ ಹತ್ರ ಸಹಿ ಪುಸ್ತಕ ಇಟ್ಟಿದ್ರು. ಆ ಅಕ್ಕ ಬಂದ್ರು, ಈಗ ಬೆನ್ನು ಬಾಗಿದೆ, ಪೆನ್ ಹಿಡಿದು ಪುಟಕ್ಕೆ ಕಣ್ಣು ಹತ್ರ ತಂದ್ರು. ನಾನು ಮೊಬೈಲ್ ಟಾರ್ಚ್ ಹಾಕಿ ಹತ್ರ ಹಿಡಿದೆ, ನಾಲ್ಕಕ್ಷರ ಬರೆದು ಮುಗಿಸೋವರೆಗೂ.