ಸೊಂಟದಲ್ಲಿ ರಿವಾಲ್ವರ್: ಬೆಲ್ಟು ಮೊದಲು, ಹೋಲ್‌ಸ್ಟರ್ ಆಮೇಲೆ

ಲೈಸೆನ್ಸಿಗಾಗಿ ಕಚೇರಿ ಅಲೆದು, ಆಯುಧಕ್ಕೆ ಲಕ್ಷದ ಲೆಕ್ಕದಲ್ಲಿ ದುಡ್ಡು ಸುರಿದವರು ಹೋಲ್‌ಸ್ಟರ್ (ಆಯುಧ ಕೂರಿಸುವ ಒರೆ) ವಿಷಯಕ್ಕೆ ಬಂದಾಗ ಮಾತ್ರ ಅಂಗಡಿಯವರು ಜೊತೆಗೆ ಕೊಟ್ಟ ನೈಲಾನ್ ಚೀಲದಲ್ಲೇ ಸುಧಾರಿಸಿಕೊಳ್ಳುತ್ತಾರೆ. ತಿಂಗಳು ಕಳೆಯುವುದರೊಳಗೆ ಸೊಂಟ ಕೆಂಪಾಗಿ, ಪ್ಯಾಂಟು ಜಾರಿ, ಆಯುಧ ಬೀರು ಸೇರುತ್ತದೆ. ಇನ್ನು ಕೆಲವರು ಹೋಲ್‌ಸ್ಟರನ್ನೇ ಬಿಟ್ಟು ಬರೀ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಅದು ಅಪಾಯವೂ ಹೌದು, ಕಾನೂನಿಗೆ ವಿರುದ್ಧವೂ ಹೌದು. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಒಯ್ಯುವಾಗ ಅದು ಅದಕ್ಕೆಂದೇ ಮಾಡಿದ ಹೋಲ್‌ಸ್ಟರಿನಲ್ಲಿ ಮೈಗೆ ಕಟ್ಟಿಕೊಂಡಿರಬೇಕು, ಇಲ್ಲವೇ ಅಂಥದ್ದೇ ಚೀಲದಲ್ಲಿರಬೇಕು. ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹತೋಟಿಯಲ್ಲಿರಬೇಕು. ಮದುವೆ ಮನೆಯಲ್ಲಿ ಅಂಗಿ ಸರಿಸಿ ಹಿಡಿ ತೋರಿಸುವ ಷೋಕಿಗೆ ಇದರಲ್ಲಿ ಜಾಗವಿಲ್ಲ.

ನಮ್ಮ ಕಡೆ ಲೈಸೆನ್ಸಿನವರ ಹತ್ತಿರ ಹೆಚ್ಚಾಗಿ ಕಾಣುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ಬೋರಿನ ರಿವಾಲ್ವರ್. ಆರು ಗುಂಡು, ಮೂರು ಅಂಗುಲದ ನಳಿಗೆ, ಗುಂಡಿಲ್ಲದೆ ಸುಮಾರು 700 ಗ್ರಾಂ ತೂಕ. 2014ರಲ್ಲಿ ಬಂದ ‘ನಿರ್ಭೀಕ್’ ರಿವಾಲ್ವರ್ 500 ಗ್ರಾಂ ಆಸುಪಾಸು. ಕೈಯಲ್ಲಿ ಹಿಡಿದಾಗ ಇದೇನು ಮಹಾ ಭಾರವಲ್ಲ. ಆದರೆ ಸೊಂಟದ ಒಂದೇ ಮಗ್ಗುಲಿಗೆ, ಹತ್ತು ತಾಸು, ಮೆತ್ತನೆಯ ಬೆಲ್ಟಿನಲ್ಲಿ ನೇತುಹಾಕಿದಾಗ ಲೆಕ್ಕ ಬೇರೆಯಾಗುತ್ತದೆ.

ಅದಕ್ಕೇ ಬೆಲ್ಟು ಮೊದಲು. ಬಟ್ಟೆ ಅಂಗಡಿಯಲ್ಲಿ ಸಿಗುವ ಫಾರ್ಮಲ್ ಬೆಲ್ಟು 30 ಮಿ.ಮೀ. ಅಗಲ, ಒಳಗೆ ರಟ್ಟಿನ ಹಾಗಿನ ತುಂಬು, ಮೇಲೆ ತೆಳು ಹೊದಿಕೆ. ತೂಕ ಬಿದ್ದ ಕಡೆ ಅದು ಹೊರಕ್ಕೆ ಮಗುಚಿಕೊಳ್ಳುತ್ತದೆ. ರಿವಾಲ್ವರಿನ ಹಿಡಿ ಮೈಯಿಂದ ದೂರ ಸರಿದು ಅಂಗಿಯಲ್ಲಿ ಗುಬುಟು ಕಾಣುತ್ತದೆ. ಬೇಕಾದದ್ದು 38 ಮಿ.ಮೀ. ಅಗಲದ, ಎರಡು ಪದರ ಚರ್ಮ ಹೊಲಿದ, 4ರಿಂದ 5 ಮಿ.ಮೀ. ದಪ್ಪದ ಬೆಲ್ಟು. ಒಂದು ಗೇಣು ಬೆಲ್ಟನ್ನು ಅಂಚು ಮೇಲಾಗುವಂತೆ ಎರಡೂ ಕೈಯಲ್ಲಿ ಹಿಡಿದು ತಿರುಚಿ ನೋಡಿ. ಸುಲಭಕ್ಕೆ ತಿರುಚಿಕೊಂಡರೆ ಬೇಡ. ಪ್ಯಾಂಟು ಹೊಲಿಸುವ ಅಭ್ಯಾಸ ಇರುವವರಿಗೆ ಇನ್ನೊಂದು ಅನುಕೂಲ: ಹೋಲ್‌ಸ್ಟರ್ ಪ್ಯಾಂಟಿನ ಒಳಗೆ ಕೂರುವುದರಿಂದ ಸೊಂಟದಲ್ಲಿ ಒಂದೂವರೆ ಅಂಗುಲ ಹೆಚ್ಚು ಬಿಡಲು, ಹೋಲ್‌ಸ್ಟರ್ ಕೂರುವ ಜಾಗದ ಎರಡೂ ಬದಿಗೆ ಒಂದೊಂದು ಲೂಪ್ ಜಾಸ್ತಿ ಹಾಕಲು ಟೈಲರಿಗೆ ಹೇಳಿ. ಏಕೆಂದು ಅವರಿಗೆ ವಿವರಿಸಬೇಕಾಗಿಲ್ಲ.

ಜಾಗದ ವಿಷಯ. ಹೊಕ್ಕುಳನ್ನು ಹನ್ನೆರಡು ಗಂಟೆ ಅಂತ ಇಟ್ಟುಕೊಂಡರೆ, ಬಲಗೈಯವರಿಗೆ ನಾಲ್ಕು ಗಂಟೆಯ ಜಾಗ, ಅಂದರೆ ಸೊಂಟದ ಮೂಳೆಯ ಹಿಂದಿನ ತಗ್ಗು, ಬಹಳ ಮಟ್ಟಿಗೆ ಹೊಂದುತ್ತದೆ. ಹಿಡಿ ಸ್ವಲ್ಪ ಮುಂದಕ್ಕೆ, ಸುಮಾರು 15 ಡಿಗ್ರಿ ವಾಲಿದ್ದರೆ ಅದು ಪಕ್ಕೆಯ ಗುಂಟ ಮಲಗಿ ಹೊರಗೆ ಕಾಣುವುದಿಲ್ಲ. ಬೈಕಿನಲ್ಲಿ ಮುಂದಕ್ಕೆ ಬಾಗಿದಾಗ ಮಾತ್ರ ಅಂಗಿ ಮೇಲಕ್ಕೆಳೆದು ಹಿಡಿ ಎದ್ದು ಕಾಣಬಹುದು. ಅದಕ್ಕೆ ಅಂಗಿ ಬೆಲ್ಟಿನಿಂದ ಕೆಳಗೆ ಐದು ಅಂಗುಲವಾದರೂ ಇಳಿಬಿದ್ದಿರಬೇಕು. ತೆಳ್ಳನೆ ಬಿಳಿ ಅಂಗಿಗಿಂತ ಚೌಕಳಿ ಅಂಗಿ ಮೇಲು. ಹೊಟ್ಟೆಯ ಮುಂದೆ ಒಂದು ಗಂಟೆಯ ಜಾಗ ತೆಳ್ಳಗಿರುವವರಿಗೆ, ಚಪ್ಪಟೆ ಪಿಸ್ತೂಲಿಗೆ ಸರಿ. ರಿವಾಲ್ವರಿನ ಗುಂಡು ತುಂಬುವ ಉಬ್ಬಿದ ಸಿಲಿಂಡರ್ ಅಲ್ಲಿ ಕೂತರೆ, ಊಟಕ್ಕೆ ಚಕ್ಕಳಮಕ್ಕಳ ಹಾಕಿದಾಗ ಸಾರು ಬರುವ ಮೊದಲೇ ಎದ್ದುಬಿಡೋಣ ಅನಿಸುತ್ತದೆ. ಬೆನ್ನಿನ ಮಧ್ಯಕ್ಕಂತೂ ಬೇಡವೇ ಬೇಡ. ಸ್ಕೂಟರಿನಿಂದ ಹಿಂದಕ್ಕೆ ಬಿದ್ದರೆ ಬೆನ್ನುಮೂಳೆಯ ಮೇಲೆ ಕಬ್ಬಿಣದ ತುಂಡು ಇಟ್ಟುಕೊಂಡೇ ಬಿದ್ದಂತೆ.

ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಗಳೆಲ್ಲ ಬಹುಪಾಲು ಅಮೆರಿಕದವು. ಕಾರಿನ ವಿಷಯದಲ್ಲಿ ಅವನ್ನು ತಿರುವಿ ಓದಬೇಕು. ಅಲ್ಲಿ ಚಾಲಕ ಎಡಕ್ಕೆ ಕೂರುವುದರಿಂದ ಸೀಟ್ ಬೆಲ್ಟಿನ ಬಕಲ್ ಅವನ ಬಲ ಸೊಂಟಕ್ಕೆ ಬರುತ್ತದೆ, ಆಯುಧಕ್ಕೆ ಅಡ್ಡವಾಗುತ್ತದೆ. ಅದಕ್ಕೇ ಹೆಚ್ಚು ಹೊತ್ತು ಕಾರು ಓಡಿಸುವವರು ಆಯುಧವನ್ನು ಎಡಗಡೆ ಅಡ್ಡ ಕಟ್ಟಿಕೊಳ್ಳಲಿ ಅನ್ನುತ್ತಾರೆ. ನಮ್ಮಲ್ಲಿ ಚಾಲಕನ ಬಕಲ್ ಎಡ ಸೊಂಟದಲ್ಲಿದೆ. ಮಂಡ್ಯದಿಂದ ಬೆಂಗಳೂರಿಗೆ ತಾವೇ ಓಡಿಸಿಕೊಂಡು ಹೋಗುವ ಬಲಗೈಯವರಿಗೆ ಬಲ ಸೊಂಟವೇ ಸಲೀಸು. ಮುಂದಿನ ಎಡ ಸೀಟಿನಲ್ಲಿ ಕೂತರೆ ಮಾತ್ರ ಬಕಲ್ ಬಲಕ್ಕೆ ಬಂದು ಒತ್ತುತ್ತದೆ.

ಪಂಚೆ ಉಡುವವರ ಕಷ್ಟ ಬೇರೆ. ಹೋಲ್‌ಸ್ಟರಿನ ಕ್ಲಿಪ್ ಪಂಚೆಯನ್ನು ಹಿಡಿಯುವುದಿಲ್ಲ. ಪಂಚೆ ಮೇಲೆತ್ತಿ ಕಟ್ಟಿದರೆ ಗಂಟಿನ ಜೊತೆ ಎಲ್ಲವೂ ಜಾರುತ್ತದೆ. ಪಂಚೆ ಬೆಲ್ಟಿನ ದುಡ್ಡಿನ ಜೇಬಿಗೆ ತುರುಕುವವರಿದ್ದಾರೆ. ಅಲ್ಲಿ ಟ್ರಿಗರಿಗೆ ಯಾವ ರಕ್ಷಣೆಯೂ ಇಲ್ಲ. ಇದ್ದುದರಲ್ಲಿ ವಾಸಿ ಎಂದರೆ ಹೊಟ್ಟೆಗೆ ಸುತ್ತುವ ಅಗಲ ಎಲಾಸ್ಟಿಕ್ ಪಟ್ಟಿ, ಟ್ರಿಗರ್ ಜಾಗದಲ್ಲಿ ಗಟ್ಟಿ ಪ್ಲಾಸ್ಟಿಕ್ ಕವಚ ಇರುವಂಥದ್ದು. ಪಂಚೆಯ ಗಂಟಿನ ಮೇಲೆ, ಅಂಗಿಯ ಒಳಗೆ ಕಟ್ಟಬೇಕು. ಸೀರೆ, ಚೂಡಿದಾರಕ್ಕೂ ಇದೇ ದಾರಿ.

ಈಗ ಹೋಲ್‌ಸ್ಟರ್. ಒಂದು ವಿಷಯದಲ್ಲಿ ರಾಜಿ ಇಲ್ಲ: ಟ್ರಿಗರ್ ಗಾರ್ಡ್ (ಟ್ರಿಗರಿನ ಸುತ್ತ ಇರುವ ಬಳೆ) ಪೂರ್ತಿ ಮುಚ್ಚಿರಬೇಕು, ಆಯುಧ ತೆಗೆದ ಮೇಲೂ ಬಾಯಿ ತೆರೆದೇ ನಿಲ್ಲಬೇಕು. ಬಾಯಿ ಕುಸಿಯುವ ಮೆತ್ತನೆ ಚರ್ಮ, ಬಟ್ಟೆಯ ಚೀಲಗಳಲ್ಲಿ ಅಂಚು ಒಳಕ್ಕೆ ಮಡಿಚಿಕೊಳ್ಳುತ್ತದೆ. ವಾಪಸ್ ತೂರಿಸುವಾಗ ಆ ಮಡಿಕೆಯೇ ಬೆರಳಿನ ಕೆಲಸ ಮಾಡಿ ಟ್ರಿಗರ್ ಒತ್ತುತ್ತದೆ. ತೊಡೆಗೆ ಗುಂಡು ಬೀಳುವುದು ಹೀಗೆ. ಹಳೆಯ ಚರ್ಮದ ಹೋಲ್‌ಸ್ಟರ್ ನೋಡಲು ಎಷ್ಟೇ ಚೆಂದವಿರಲಿ, ಬಾಯಿ ಮೆತ್ತಗಾದ ದಿನ ಎಸೆಯಬೇಕು. ವಾಪಸ್ ಇಡುವಾಗ ಅವಸರ ಬೇಡ. ಅಂಗಿಯ ತುದಿ ಸರಿಸಿ, ಕಣ್ಣಲ್ಲಿ ನೋಡಿ ಇಡಿ.

ಚರ್ಮವೋ ಕೈಡೆಕ್ಸೋ? ಕೈಡೆಕ್ಸ್ ಅಂದರೆ ಬಿಸಿ ಮಾಡಿ ಅಚ್ಚು ತೆಗೆದ ಪ್ಲಾಸ್ಟಿಕ್ ಹಾಳೆ. ಬೆವರು ಹೀರುವುದಿಲ್ಲ, ಬಾಯಿ ಕುಸಿಯುವುದಿಲ್ಲ, ತೊಳೆದರೆ ಆಯಿತು. ಆದರೆ ಒಂದು ಮಾದರಿಗೆ ಮಾಡಿದ್ದು ಇನ್ನೊಂದಕ್ಕೆ ಆಗುವುದಿಲ್ಲ, ನಮ್ಮ .32ಕ್ಕೆ ಸಿದ್ಧ ಮಾಲು ಹುಡುಕುವುದು ಕಷ್ಟ. ಏಪ್ರಿಲ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಸೊಟ್ಟಗಾಗುತ್ತದೆ. ಚರ್ಮ ಮೈಗೆ ಹಿತ, ನಮ್ಮಲ್ಲೇ ಹೊಲಿಸಬಹುದು. ತೊಗಟೆಯಿಂದ ಹದ ಮಾಡಿದ ಚರ್ಮ ಕೇಳಿ, 3ರಿಂದ 3.5 ಮಿ.ಮೀ. ದಪ್ಪ. ಕ್ರೋಮಿನಲ್ಲಿ ಹದ ಮಾಡಿದ ಬ್ಯಾಗಿನ ಚರ್ಮ ಆಕಾರ ಹಿಡಿಯುವುದಿಲ್ಲ. ಅಳತೆಗೆಂದು ಆಯುಧವನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಲೈಸೆನ್ಸ್ ಇಲ್ಲದವರ ಕೈಗೆ ಅದನ್ನು ಕೊಡುವಂತಿಲ್ಲ. ಬಡಗಿಯ ಹತ್ತಿರ ಅದೇ ಅಳತೆಯ ಮರದ ಅಚ್ಚು ಮಾಡಿಸಿ ಕೊಡಿ. ಹೊಸ ಚರ್ಮ ಬಿಗಿಯಾಗಿದ್ದರೆ, ಗುಂಡು ತೆಗೆದ ಆಯುಧಕ್ಕೆ ತೆಳು ಪ್ಲಾಸ್ಟಿಕ್ ಸುತ್ತಿ, ಒಂದು ರಾತ್ರಿ ಬೀಗದೊಳಗೆ ಅದರಲ್ಲೇ ಇಡಿ. ಕೊಬ್ಬರಿ ಎಣ್ಣೆ ಮಾತ್ರ ಬೇಡ, ಚರ್ಮ ಮೆತ್ತಗಾಗಿ ಹಿಡಿತ ಹೋಗುತ್ತದೆ. ಮಳೆಯಲ್ಲಿ ನೆಂದರೆ ನೆರಳಲ್ಲಿ ಒಣಗಿಸಿ.

ಹಾಕಿಕೊಂಡು ನೋಡುವುದು ಕನ್ನಡಿಯ ಮುಂದೆ ನಿಂತಲ್ಲ. ಗುಂಡು ತೆಗೆದು, ಸಿಲಿಂಡರ್ ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡು, ಮನೆಯಲ್ಲಿ ಎರಡು ತಾಸು ಹಾಕಿಕೊಂಡಿರಿ. ನೆಲದ ಮೇಲೆ ಕೂತು ಊಟ ಮಾಡಿ, ಶೂ ಲೇಸ್ ಕಟ್ಟಿ, ಬೈಕ್ ಹತ್ತಿ ಇಳಿಯಿರಿ. ಎಲ್ಲಿ ಒತ್ತುತ್ತದೆ ಅನ್ನುವುದರಲ್ಲೇ ಮದ್ದೂ ಇದೆ. ಸೊಂಟದ ಮೂಳೆ ನೋಯುತ್ತಿದ್ದರೆ ಅರ್ಧ ಅಂಗುಲ ಹಿಂದಕ್ಕೆ ಸರಿಸಿ. ಕೂತಾಗ ನಳಿಗೆಯ ತುದಿ ತೊಡೆಗೆ ಚುಚ್ಚಿದರೆ ಹೋಲ್‌ಸ್ಟರನ್ನು ಒಂದು ತೂತು ಮೇಲಕ್ಕೆ ಏರಿಸಿ; ಹಿಡಿ ಪಕ್ಕೆಗೆ ತಿವಿದರೆ ಕೆಳಕ್ಕೆ ಇಳಿಸಿ. ಮೈಚರ್ಮ ಕೆಂಪಾದರೆ ಮೈಗೂ ಆಯುಧಕ್ಕೂ ನಡುವೆ ಉದ್ದ ಬನಿಯನ್ ಇರಲಿ. ಇದಿಷ್ಟೂ ಮಾಡಿದ ಮೇಲೂ ನೋವು ಹೋಗದಿದ್ದರೆ ಹೋಲ್‌ಸ್ಟರ್ ಬದಲಿಸಿ.

ಅಮೆರಿಕದ ಪುಟಗಳಲ್ಲಿ ಸಿಗದ ಇನ್ನೊಂದು ಪರೀಕ್ಷೆ ಕುಕ್ಕರುಗಾಲಿನದು. ಇಂಡಿಯನ್ ಟಾಯ್ಲೆಟ್ಟಿನಲ್ಲಿ ಬೆಲ್ಟು ಸಡಿಲಿಸಿದ ಕ್ಷಣಕ್ಕೆ ಕ್ಲಿಪ್ ಬಿಟ್ಟುಕೊಂಡು ಆಯುಧ ಕೆಳಗೆ ಬೀಳಬಹುದು. ಕ್ಲಿಪ್ಪಿನ ತುದಿಯ ಕೊಕ್ಕೆ ಬೆಲ್ಟಿನ ಕೆಳ ಅಂಚನ್ನು ಪೂರ್ತಿ ಹಿಡಿದಿದೆಯೇ ನೋಡಿ. ಬಿಚ್ಚಲೇಬೇಕಾದರೆ ಹೋಲ್‌ಸ್ಟರ್ ಸಮೇತ ಬಿಚ್ಚಿ, ಬರೀ ಆಯುಧ ಎಳೆಯಬೇಡಿ. ಬಾಗಿಲ ಮೊಳೆಗೆ ನೇತುಹಾಕುವುದೂ ಬೇಡ. ಮರೆತು ಬರುವುದು ಅಲ್ಲೇ.

ರಾತ್ರಿ ಆಯುಧ ಒಂದು ಕಡೆ, ಚರ್ಮದ ಹೋಲ್‌ಸ್ಟರ್ ಇನ್ನೊಂದು ಕಡೆ ಇರಲಿ. ಚರ್ಮ ಬೆವರಿನ ತೇವ ಹಿಡಿದಿಟ್ಟುಕೊಂಡು ಉಕ್ಕಿಗೆ ತುಕ್ಕು ಹತ್ತಿಸುತ್ತದೆ. ಚುನಾವಣೆ ಬಂತು, ಆಯುಧ ಠಾಣೆಗೋ ಡೀಲರಿಗೋ ಒಪ್ಪಿಸಬೇಕಾಯಿತು ಎಂದರೂ ಹೋಲ್‌ಸ್ಟರ್ ಮನೆಯಲ್ಲೇ ಉಳಿಯಲಿ. ಆಯುಧಕ್ಕೆ ತೆಳ್ಳಗೆ ಗನ್ ಆಯಿಲ್ ಒರೆಸಿ, ಒಣ ಬಟ್ಟೆಯಲ್ಲಿ ಸುತ್ತಿ ಕೊಟ್ಟು, ನಂಬರ್ ಬರೆದ ರಸೀದಿ ಇಸಿದುಕೊಳ್ಳಿ.